ಅಡಿಟಿಪ್ಪಣಿಯಿಂದ ಎದ್ದ ಎಂಬತ್ತು ನಿಮಿಷ

ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಪುಟದ ಅಡಿಯಲ್ಲಿ, ಸಣ್ಣ ಅಕ್ಷರಗಳಲ್ಲಿ, ಶಾಸ್ತ್ರಗ್ರಂಥಗಳಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ವರ್ಗಗಳಿವೆ ಎಂದು ವಿವರಿಸುವ ಟಿಪ್ಪಣಿಯೊಂದಿದೆ. ನಮ್ಮವರು ಅದನ್ನು ಓದಿ ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ, ಗೊತ್ತಿದ್ದ ಮಾತೇ ಅಲ್ಲವೇ ಎಂದು. 1973ರ ಮಾರ್ಚ್‌ನಲ್ಲಿ ಟೋಕಿಯೊದ ಹೋಟೆಲ್ ಕೋಣೆಯಲ್ಲಿ ಅದನ್ನು ಓದಿದ ಜಾನ್ ಆಂಡರ್ಸನ್ ಅಲ್ಲೇ ನಿಂತುಬಿಟ್ಟ. ಲ್ಯಾಂಕಶೈರಿನ ಆಕ್ರಿಂಗ್ಟನ್ ಎಂಬ ಗಿರಣಿಗಳ ಊರಿನಿಂದ ಬಂದ ಈತ ಆಗ ‘ಯೆಸ್’ ಎಂಬ ಇಂಗ್ಲಿಷ್ ರಾಕ್ ತಂಡದ ಗಾಯಕ. ಎರಡು ಎಲ್‌ಪಿ ತಟ್ಟೆಗಳಿಗೆ ನಾಲ್ಕು ಬದಿ, ಒಂದೊಂದು ಬದಿಗೆ ಒಂದೊಂದೇ ಹಾಡು, ಒಂದೊಂದು ಹಾಡಿಗೆ ಒಂದೊಂದು ಶಾಸ್ತ್ರ. ಹೀಗೆ ಆ ಟಿಪ್ಪಣಿಯೇ ಇಡೀ ಆಲ್ಬಮ್ಮಿನ ನಕ್ಷೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹೊರಬಂದ ‘ಟೇಲ್ಸ್ ಫ್ರಂ ಟೋಪೋಗ್ರಾಫಿಕ್ ಓಷನ್ಸ್’ ಪ್ರೋಗ್ರೆಸಿವ್ ರಾಕ್ ಪಂಥದ ಅತಿ ವಿಲಕ್ಷಣ ಕೃತಿಗಳಲ್ಲೊಂದು. ಆ ಪಂಥದ ಅಹಂಕಾರಕ್ಕೆ ಸಾಕ್ಷಿ ಬೇಕೆಂದಾಗಲೆಲ್ಲ ಇದನ್ನೇ ಎಳೆದು ತರುತ್ತಾರೆ. ಉದ್ದವೇ ಇದರ ದೋಷ ಎನ್ನುವುದು ಆ ಆರೋಪದ ತಿರುಳು. ನಾನು ಅದನ್ನು ಒಪ್ಪುವುದಿಲ್ಲ. ಧಾರವಾಡದ ಬೈಠಕ್ಕುಗಳಲ್ಲಿ ಒಂದೇ ವಿಳಂಬಿತ ಖಯಾಲನ್ನು ಗಂಟೆಗಟ್ಟಲೆ ಕೇಳಿದವರಿಗೆ ಇಪ್ಪತ್ತು ನಿಮಿಷದ ಹಾಡು ಹೆದರಿಕೆ ಹುಟ್ಟಿಸಬೇಕಾಗಿಲ್ಲ. ಆ ಉದ್ದವನ್ನು ಒಳಗಿನಿಂದ ಹೊತ್ತು ನಿಲ್ಲಿಸುವುದು ಯಾವುದು ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ.

ಯೆಸ್ 1968ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಬೀಟಲ್ಸರ ‘ಸಾರ್ಜೆಂಟ್ ಪೆಪರ್ಸ್’ ಹಿಂದಿನ ವರ್ಷವಷ್ಟೇ ಬಂದು, ರಾಕ್ ಆಲ್ಬಮ್ ಎಂದರೆ ಮೂರು ನಿಮಿಷದ ಹಾಡುಗಳ ಕಂತೆಯೇ ಆಗಬೇಕಿಲ್ಲ ಎಂದು ತೋರಿಸಿತ್ತು. 1969ರಲ್ಲಿ ಕಿಂಗ್ ಕ್ರಿಮ್ಸನ್ ಮೊದಲ ಆಲ್ಬಮ್ಮಿನಿಂದಲೇ ದಾರಿಯನ್ನು ಅಗಲ ಮಾಡಿತು. 1972ರ ಹೊತ್ತಿಗೆ ಜೆಥ್ರೊ ಟಲ್ ‘ಥಿಕ್ ಆ್ಯಸ್ ಎ ಬ್ರಿಕ್’ ಎಂಬ ಒಂದೇ ಹಾಡನ್ನು ತಟ್ಟೆಯ ಎರಡೂ ಬದಿಗೆ ಹಾಸಿತು, ಜೆನಿಸಿಸ್ ತಂಡ ‘ಸಪರ್ಸ್ ರೆಡಿ’ಗೆ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಕೊಟ್ಟಿತು. ಈ ಹುಡುಗರ ಕಿವಿ ಬ್ಲೂಸ್‌ನಲ್ಲಿ ಎಷ್ಟು ಬೆಳೆದಿತ್ತೋ ಚರ್ಚಿನ ಗಾಯನದಲ್ಲೂ ಅಷ್ಟೇ ಬೆಳೆದಿತ್ತು. ಯೆಸ್‌ನ ಬಾಸ್ ಗಿಟಾರಿಗ ಕ್ರಿಸ್ ಸ್ಕ್ವಯರ್ ಎಳೆತನದಲ್ಲಿ ಚರ್ಚಿನ ಗಾಯನತಂಡದಲ್ಲಿ ಹಾಡಿದವನು, ಕೀಬೋರ್ಡಿನ ರಿಕ್ ವೇಕ್‌ಮನ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಓದಿದವನು. ಇವರಿಗೆಲ್ಲ ಎಲ್‌ಪಿ ತಟ್ಟೆಯ ಒಂದು ಬದಿಯೇ ಅಳತೆಗೋಲು: ಹೆಚ್ಚುಕಡಿಮೆ ಇಪ್ಪತ್ತು ನಿಮಿಷ. ಅದನ್ನು ಮೀರಿದರೆ ಗೆರೆಗಳು ಒತ್ತೊತ್ತಾಗಿ ಧ್ವನಿಯ ಕಸುವು ಕುಗ್ಗುತ್ತದೆ. ಈ ಪಂಥದ ದೀರ್ಘ ಹಾಡುಗಳ ಆಕಾರವನ್ನು ನಿರ್ಧರಿಸಿದ್ದರಲ್ಲಿ ಸಂಗೀತದ ಅಗತ್ಯಕ್ಕೆ ಎಷ್ಟು ಪಾಲೋ ಪ್ಲಾಸ್ಟಿಕ್ ತಟ್ಟೆಯ ಅಗಲಕ್ಕೂ ಅಷ್ಟೇ ಪಾಲು.

ಆ ಅಳತೆಯೊಳಗೆ ಅತ್ಯುತ್ತಮವಾಗಿ ಕಟ್ಟಿದ ಕೃತಿಯೂ ಯೆಸ್‌ನದೇ. 1972ರ ‘ಕ್ಲೋಸ್ ಟು ದಿ ಎಡ್ಜ್’ನ ಶೀರ್ಷಿಕೆಗೀತೆ ಹದಿನೆಂಟು ನಿಮಿಷಗಳಿಗೂ ಹೆಚ್ಚು ಓಡುತ್ತದೆ, ಒಂದು ಗಳಿಗೆಯೂ ಜೋತುಬೀಳುವುದಿಲ್ಲ. ಅದನ್ನು ಐದು ಜನ ಜಗಳವಾಡುತ್ತ ಕಟ್ಟಿದ್ದರು. ಒಂದು ಎತ್ತುಗಡೆಗೆ ಆಂಡರ್ಸನ್ ಒಂದು ಹೇಳಿದರೆ ಸ್ಕ್ವಯರ್ ಇನ್ನೊಂದು, ಡ್ರಮ್ಮರ್ ಬಿಲ್ ಬ್ರೂಫರ್ಡ್ ಮತ್ತೊಂದು. ಧ್ವನಿಮುದ್ರಣದ ಎಂಜಿನಿಯರ್ ಎಡ್ಡಿ ಆಫರ್ಡ್ ತುಣುಕು ತುಣುಕಾಗಿ ಮುದ್ರಿಸಿದ ಟೇಪುಗಳನ್ನು ಕತ್ತರಿಸಿ ಜೋಡಿಸುತ್ತಿದ್ದ. ಇದರಿಂದ ಬೇಸತ್ತು ಆಲ್ಬಮ್ ಮುಗಿದದ್ದೇ ಬ್ರೂಫರ್ಡ್ ಕಿಂಗ್ ಕ್ರಿಮ್ಸನ್‌ಗೆ ಹೊರಟುಹೋದ. ಆದರೆ ಅವನನ್ನು ದಣಿಸಿದ ಆ ತಕರಾರೇ ಹಾಡಿನ ಬೆನ್ನೆಲುಬಾಗಿತ್ತು. ಯಾವ ಸಾಲೂ ಪರೀಕ್ಷೆಯಿಲ್ಲದೆ ಒಳಗೆ ಬರುವಂತಿರಲಿಲ್ಲ.

ಅವನ ಜಾಗಕ್ಕೆ ಬಂದ ಅಲನ್ ವೈಟ್ ಜಾನ್ ಲೆನನ್ ಜೊತೆ ನುಡಿಸಿದ್ದವನು. ಕೆಲವೇ ದಿನಗಳಲ್ಲಿ ತಂಡದ ಇಡೀ ಕಛೇರಿಯನ್ನು ಕಲಿತು ವೇದಿಕೆ ಹತ್ತಿದ. ಯೋಗಾನಂದರ ಪುಸ್ತಕದ ಸುಳಿವು ಆಂಡರ್ಸನ್‌ಗೆ ಸಿಕ್ಕಿದ್ದು ಬ್ರೂಫರ್ಡ್‌ನ ಮದುವೆಯ ಔತಣದಲ್ಲಿ, ಕಿಂಗ್ ಕ್ರಿಮ್ಸನ್‌ನ ತಾಳವಾದ್ಯಗಾರ ಜೇಮಿ ಮ್ಯೂರ್‌ನಿಂದ. (1935ರಲ್ಲಿ ಮೈಸೂರಿಗೆ ಬಂದು ಯುವರಾಜರ ಅತಿಥಿಯಾಗಿದ್ದ ಯೋಗಾನಂದರು ಅದೇ ಪುಸ್ತಕದಲ್ಲಿ ಆ ದಿನಗಳಿಗೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. ನಮ್ಮ ಓದುಗರಲ್ಲಿ ಹಲವರು ಆ ಪುಸ್ತಕವನ್ನು ಬಲ್ಲದ್ದು ಅದರಿಂದಲೇ.) ಪ್ರವಾಸದ ಹೋಟೆಲ್ ಕೋಣೆಗಳಲ್ಲಿ, ಮೇಣದ ಬತ್ತಿಯ ಬೆಳಕಿನಲ್ಲಿ, ಆಂಡರ್ಸನ್ ಮತ್ತು ಗಿಟಾರಿಗ ಸ್ಟೀವ್ ಹೌ ಇಬ್ಬರೇ ಕೂತು ನಾಲ್ಕು ಬದಿಗಳ ಹಂದರವನ್ನು ಹಾಕಿದರು. ಉಳಿದ ಮೂವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಸಿದ್ಧವಾದ ನಕ್ಷೆ. ಐದು ಜನರ ಜಗಳ ಇಬ್ಬರ ಒಪ್ಪಂದವಾಯಿತು. ಈ ಆಲ್ಬಮ್ಮಿನ ಏರುಪೇರಿನ ಮೂಲ ಇಲ್ಲಿದೆ.

ಧ್ವನಿಮುದ್ರಣ ಹಳ್ಳಿಯಲ್ಲಿ ನಡೆಯಲಿ ಎಂದು ಕೆಲವರಿಗಿತ್ತು, ನಗರದಲ್ಲೇ ಆಗಲಿ ಎಂದು ಉಳಿದವರಿಗೆ. ಕೊನೆಗೆ ಲಂಡನ್ನಿನ ಮಾರ್ಗನ್ ಸ್ಟುಡಿಯೊದೊಳಗೇ ಹುಲ್ಲಿನ ಪಿಂಡಿಗಳನ್ನೂ ರಟ್ಟಿನ ಹಸುಗಳನ್ನೂ ಬೇಲಿಯನ್ನೂ ತಂದಿಟ್ಟರು. ಈ ಕಥೆಯನ್ನು ನಗುವುದಕ್ಕಾಗಿ ಹೇಳುವವರೇ ಹೆಚ್ಚು. ಇದರಲ್ಲಿ ನನಗೆ ಕಾಣುವುದು ಬೇರೆ: ಭಿನ್ನಾಭಿಪ್ರಾಯವನ್ನು ಸಂಗೀತದೊಳಗೆ ಬಗೆಹರಿಸಿಕೊಳ್ಳುತ್ತಿದ್ದ ತಂಡ ಅದನ್ನೀಗ ಕೋಣೆಯ ಅಲಂಕಾರದಲ್ಲಿ ಬಗೆಹರಿಸಿಕೊಂಡಿತ್ತು.

ಇನ್ನು ಹಾಡುಗಳು. ಶ್ರುತಿಗೆಂದು ಮೀಸಲಾದ ಮೊದಲ ಬದಿ ಮಂತ್ರಪಠಣದಂಥ ಗಾಯನದಿಂದ ಶುರುವಾಗುತ್ತದೆ. ಕೆಲವೇ ಸ್ವರಗಳ ಮೇಲೆ ಮಾತುಗಳು ಬಿಡುವಿಲ್ಲದೆ ಸುರಿಯುತ್ತವೆ, ಒಂದು ಕಂಠಕ್ಕೆ ಇನ್ನೆರಡು ಸೇರುತ್ತವೆ, ಒತ್ತಡ ಏರುತ್ತ ಹೋಗಿ ಇಡೀ ತಂಡ ಒಮ್ಮೆಗೇ ತೆರೆದುಕೊಳ್ಳುತ್ತದೆ. ಆರಂಭದ ಎಳೆಗಳು ಕೊನೆಯವರೆಗೂ ರೂಪ ಬದಲಿಸುತ್ತ ಮರಳುತ್ತವೆ, ವೇಕ್‌ಮನ್‌ನ ಮಿನಿಮೂಗ್ ತನಿ ಬರುವ ಹೊತ್ತಿಗೆ ಅದಕ್ಕೆ ಬೇಕಾದ ಎತ್ತರ ಸಿದ್ಧವಾಗಿರುತ್ತದೆ. ಕಟ್ಟಿನ ದೃಷ್ಟಿಯಿಂದ ಇದು ‘ಕ್ಲೋಸ್ ಟು ದಿ ಎಡ್ಜ್’ಗೆ ಸಮೀಪದ ಹಾಡು. ನನ್ನ ತಕರಾರು ಮಾತಿನ ಬಗ್ಗೆ. ಆಂಡರ್ಸನ್ ಪದಗಳನ್ನು ಅರ್ಥಕ್ಕಿಂತ ನಾದಕ್ಕಾಗಿ ಆರಿಸುತ್ತಾನೆ, ಅದು ತಪ್ಪೇನಲ್ಲ. ವೇದಪಾಠದಲ್ಲೂ ನಾದವೇ ಮೊದಲು. ಆದರೆ ಅಲ್ಲಿ ಪದಪಾಠ, ಕ್ರಮಪಾಠ, ಘನಪಾಠಗಳ ಮೂಲಕ ಒಂದು ಅಕ್ಷರವೂ ಒಂದು ಸ್ವರವೂ ಅಲುಗದಂತೆ ಕಾಯುತ್ತಾರೆ. ಆಂಡರ್ಸನ್‌ನ ಸಾಲುಗಳಲ್ಲಿ ಹತ್ತು ಪದ ತೆಗೆದು ಬೇರೆ ಹತ್ತನ್ನಿಟ್ಟರೂ ಹಾಡು ಹಾಗೆಯೇ ನಡೆಯುತ್ತದೆ. ಶ್ರುತಿಯ ಗಾಂಭೀರ್ಯವನ್ನು ಬಯಸಿದವನು ಅದರ ಕಟ್ಟುನಿಟ್ಟನ್ನೂ ಬಯಸಬೇಕಿತ್ತು.

ಎರಡನೆಯ ಬದಿ ಸ್ಮೃತಿ. ಮೆಲೊಟ್ರಾನ್‌ನ ಅಲೆಗಳು, ಸ್ಕ್ವಯರ್‌ನ ನಯವಾದ ಬಾಸ್, ನಡುನಡುವೆ ಚುರುಕಾದ ಓಟದ ಒಂದು ಭಾಗ. ಬಿಡಿಬಿಡಿಯಾಗಿ ಕೇಳಿದರೆ ಚೆಂದ. ಆದರೆ ನೆನಪಿನ ಬಗೆಗಿನ ಈ ಹಾಡಿನಲ್ಲಿ ಮರಳಿ ಬರುವ ಎಳೆಗಳು ಬಹುಪಾಲು ಮೊದಲ ಸಲ ಬಂದಷ್ಟೇ ತೂಕದಲ್ಲಿ ಬರುತ್ತವೆ, ನಡುವೆ ಕಳೆದ ಕಾಲ ಅವುಗಳ ಮೇಲೆ ಯಾವ ಗುರುತನ್ನೂ ಬಿಟ್ಟಿರುವುದಿಲ್ಲ. ವಿಳಂಬಿತದಲ್ಲಿ ಮುಖಡಾ ಪ್ರತಿ ಸಲ ಸಮ್‌ಗೆ ಬಂದಾಗ ಅದರ ಬೆನ್ನಿಗೆ ಹೊಸದೊಂದು ವಿಸ್ತಾರದ ಭಾರವಿರುತ್ತದೆ. ಅದಕ್ಕಾಗಿಯೇ ನಾವು ಕಾಯುತ್ತೇವೆ. ಇಲ್ಲಿ ಕಾಯುವುದಕ್ಕೆ ಕಾರಣ ಸಿಗುವುದಿಲ್ಲ. ಒಂದು ತಟ್ಟೆಗೆ ಹೆಚ್ಚಾಗುವ, ಎರಡಕ್ಕೆ ಸಾಲದ ಸರಕನ್ನು ಹಿಗ್ಗಿಸಿದ್ದೇವೆ ಎಂದು ವೇಕ್‌ಮನ್ ಮುಂದೆ ಹಲವು ಸಲ ದೂರಿದ. ಈ ಬದಿಯ ಮಟ್ಟಿಗೆ ಅವನ ಮಾತು ಸರಿ.

ಪುರಾಣದ ಮೂರನೆಯ ಬದಿಯಷ್ಟು ಧೈರ್ಯದ್ದು, ಅದರಷ್ಟು ಒಡೆದುಹೋದದ್ದು ಈ ಆಲ್ಬಮ್ಮಿನಲ್ಲಿ ಇನ್ನೊಂದಿಲ್ಲ. ಹೌ ಸ್ಟೀಲ್ ಗಿಟಾರನ್ನು ಕಿರುಚಿಸುತ್ತಾನೆ, ವೈಟ್ ಲೋಹದ ಸದ್ದುಗಳಿಂದ ಲಯವನ್ನು ಚೂರು ಮಾಡುತ್ತಾನೆ, ಆಂಡರ್ಸನ್ ಹಲವು ಭಾಷೆಗಳಿಂದ ಸೂರ್ಯನ ಹೆಸರುಗಳನ್ನು ಕೂಗುತ್ತಾನೆ. ಕಳೆದುಹೋದ ನಾಗರಿಕತೆಗಳ ಒರಟುತನವನ್ನು ಕಿವಿಗೆ ತಾಗಿಸುವ ಈ ಯತ್ನವನ್ನು ಆ ಕಾಲದ ಬೇರೆ ಯಾವ ಜನಪ್ರಿಯ ತಂಡ ಕೈಗೆತ್ತಿಕೊಳ್ಳುತ್ತಿತ್ತೋ ಹೇಳಲಾರೆ. ಆದರೆ ಕೊನೆಯ ಕೆಲವು ನಿಮಿಷಗಳಲ್ಲಿ ಹೌ ನೈಲಾನ್ ತಂತಿಯ ಗಿಟಾರ್ ಹಿಡಿದು ಮಧುರ ಗೀತೆಯೊಂದನ್ನು ನುಡಿಸತೊಡಗುತ್ತಾನೆ. ಸುಂದರವಾದ ಗೀತೆ, ಮುಂದಿನ ವರ್ಷಗಳಲ್ಲಿ ತಂಡ ಅದನ್ನಷ್ಟೇ ಬಿಡಿಸಿ ವೇದಿಕೆಯಲ್ಲಿ ಹಾಡಿದ್ದೂ ಇದೆ. ಬಿಡಿಸಲು ಬಂದದ್ದೇ ಇಲ್ಲಿನ ತೊಂದರೆ. ಹಿಂದಿನ ಗದ್ದಲದಿಂದ ಈ ಗೀತೆಗೆ ದಾರಿಯೇ ಇಲ್ಲ, ಎರಡೂ ಒಂದೇ ಬದಿಯಲ್ಲಿ ಪಕ್ಕಪಕ್ಕ ಕೂತಿವೆ ಅಷ್ಟೇ.

ನಾಲ್ಕನೆಯದು, ‘ರಿಚುಅಲ್’, ತಂತ್ರದ ಬದಿ. ಸ್ಕ್ವಯರ್‌ನ ಬಾಸ್ ಇಲ್ಲಿ ಆಸರೆಯ ಕೆಲಸ ಬಿಟ್ಟು ತಾನೇ ಹಾಡುತ್ತದೆ. ಬಳಿಕ ಗಾಯನ ನಿಂತು ಡ್ರಮ್ಮುಗಳು ಏರುತ್ತವೆ, ಕಛೇರಿಗಳಲ್ಲಿ ಬೇರೆ ಸದಸ್ಯರೂ ತಮ್ಮ ವಾದ್ಯ ಬಿಟ್ಟು ತಾಳವಾದ್ಯಗಳನ್ನು ಹಿಡಿಯುತ್ತಿದ್ದರು. ಒಳಿತು ಕೆಡುಕುಗಳ ಹೋರಾಟ ಎಂದು ಆಂಡರ್ಸನ್ ವಿವರಿಸಿದ್ದಾನೆ, ಆ ವಿವರಣೆ ಇಲ್ಲದಿದ್ದರೂ ನಷ್ಟವಿಲ್ಲ. ಬಡಿತ ತುದಿ ಮುಟ್ಟಿ ಕುಸಿದ ಮೇಲೆ ಬರುವ ಮೆಲುಗಾಯನ ಮನಸ್ಸನ್ನು ಕಲಕುತ್ತದೆ, ಯಾಕೆಂದರೆ ಈ ಶಾಂತಿಯನ್ನು ತಂಡ ದುಡಿದು ಪಡೆದಿದೆ. ತಂತ್ರವೆಂದರೆ ಕೈಯಾರೆ ಮಾಡುವ ವಿಧಿ. ಇಡೀ ಆಲ್ಬಮ್ಮಿನಲ್ಲಿ ತಂಡ ಶಾಸ್ತ್ರದ ಬಗ್ಗೆ ಹಾಡುವುದನ್ನು ಬಿಟ್ಟು ಏನನ್ನೋ ನಿಜವಾಗಿ ಮಾಡಿದ್ದು ಇಲ್ಲಿ. ಇದನ್ನು ಹತ್ತು ನಿಮಿಷಕ್ಕೆ ಇಳಿಸಿದ್ದರೆ ಆ ಮೆಲುದನಿಗೆ ಈ ಬೆಲೆ ಬರುತ್ತಿರಲಿಲ್ಲ.

ಆ ವರ್ಷಗಳಲ್ಲಿ ಭಾರತದ ಕಡೆ ತಿರುಗಿದ ಬ್ರಿಟಿಷ್ ಸಂಗೀತಗಾರರು ಬೇಕಾದಷ್ಟು ಜನ. ಗಿಟಾರಿಗ ಜಾನ್ ಮೆಕ್‌ಲಾಫ್ಲಿನ್ ವೀಣೆಗೆ ಶಿಷ್ಯನಾದ, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಜೊತೆ ‘ಶಕ್ತಿ’ ತಂಡ ಕಟ್ಟಿ, ತಾಳದ ಲೆಕ್ಕವನ್ನೂ ತನಿ ಆವರ್ತನದ ಶಿಸ್ತನ್ನೂ ಬೆರಳಿಗೆ ಹತ್ತಿಸಿಕೊಂಡ. ಅವರ ಮೊದಲ ಆಲ್ಬಮ್ 1976ರಲ್ಲಿ ಬಂತು. ಅಲ್ಲಿನ ದೀರ್ಘ ಕೃತಿ ಇಪ್ಪತ್ತೆಂಟು ನಿಮಿಷ ಮೀರಿದರೂ ಉದ್ದವಾಯಿತು ಎಂದು ದೂರಿದವರನ್ನು ನಾನು ಕಂಡಿಲ್ಲ. ಯೆಸ್ ತಂದುಕೊಂಡದ್ದು ವರ್ಗೀಕರಣವನ್ನು, ಮೆಕ್‌ಲಾಫ್ಲಿನ್ ತಂದುಕೊಂಡದ್ದು ಸಾಧನೆಯನ್ನು. ಭಾರತೀಯ ಸಂಗೀತವನ್ನೇ ನುಡಿಸಬೇಕಿತ್ತು ಎಂದು ಆಂಡರ್ಸನ್‌ನನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಅವನ ತಂಡಕ್ಕೆ ತನ್ನದೇ ಆದ ಒಂದು ಶಿಸ್ತು, ಆ ಐವರ ತಕರಾರು, ಇತ್ತು. ಶಾಸ್ತ್ರದ ಹೆಸರು ಬಂದ ಗಳಿಗೆಯಲ್ಲಿ ಅದನ್ನು ಕೈಬಿಟ್ಟದ್ದು ದುಃಖದ ಸಂಗತಿ.

ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಅಮೆರಿಕದಲ್ಲಿ ಆರನೆಯದಕ್ಕೂ ಏರಿತು. ಆದರೆ ಬಿಡುಗಡೆಗೂ ಮುನ್ನ, ನವೆಂಬರಿನಲ್ಲೇ, ಕೇಳುಗರು ಒಂದು ಸಲವೂ ಕೇಳದ ಈ ಎಂಬತ್ತು ನಿಮಿಷಗಳನ್ನು ತಂಡ ವೇದಿಕೆಯಲ್ಲಿ ಪೂರ್ತಿಯಾಗಿ ನುಡಿಸತೊಡಗಿತ್ತು. ಪರಿಚಯವಿಲ್ಲದ ಹಾಡಿನಲ್ಲಿ ಎಳೆ ಮರಳಿದ್ದು ಯಾರಿಗೆ ತಿಳಿಯಬೇಕು? ಮ್ಯಾಂಚೆಸ್ಟರಿನ ಕಛೇರಿಯ ನಡುವೆಯೇ ವೇಕ್‌ಮನ್ ಕೀಬೋರ್ಡುಗಳ ಹಿಂದೆ ಕೂತು ಕರಿ ಊಟ ಮಾಡಿದ ಪ್ರಸಂಗ ರಾಕ್ ಇತಿಹಾಸದ ಜೋಕಾಗಿದೆ. ಅದರೊಳಗೊಂದು ನೋವಿದೆ: ಆ ತಂಡದಲ್ಲಿ ಸಂಗೀತವನ್ನು ಕ್ರಮವಾಗಿ ಕಲಿತ ಪ್ರತಿಭಾವಂತನಿಗೆ ಎಷ್ಟೋ ನಿಮಿಷ ನುಡಿಸಲು ಏನೂ ಇರಲಿಲ್ಲ. 1974ರಲ್ಲಿ ಅವನು ತಂಡ ಬಿಟ್ಟ.

ತಂಡ ಪಾಠ ಕಲಿಯಿತು ಎನ್ನುವುದಕ್ಕೆ ಅದೇ ವರ್ಷದ ‘ರಿಲೇಯರ್’ ಇದೆ. ಅದರಲ್ಲಿ ದೀರ್ಘ ಹಾಡು ಒಂದೇ, ಯುದ್ಧದ ಬಗ್ಗೆ. ಅದರ ನಡುವಿನ ಕಾಳಗದ ಭಾಗ ‘ರಿಚುಅಲ್’ನ ಡ್ರಮ್ಮುಗಳಿಲ್ಲದೆ ಹುಟ್ಟುತ್ತಲೇ ಇರಲಿಲ್ಲ. ‘ರಿಚುಅಲ್’ ಕೂಡ ವೇದಿಕೆಯಲ್ಲಿ ಬೆಳೆಯುತ್ತ ಹೋಯಿತು. 1976ರ ಪ್ರವಾಸದಲ್ಲಿ ಮುದ್ರಿಸಿ 1980ರ ‘ಯೆಸ್‌ಶೋಸ್’ನಲ್ಲಿ ಹೊರತಂದ ಪ್ರತಿ ಎಷ್ಟು ಹಿಗ್ಗಿತ್ತೆಂದರೆ, ತಟ್ಟೆಯ ಒಂದು ಬದಿ ಸಾಲದೆ ಅದನ್ನು ಎರಡು ಬದಿಗಳಿಗೆ ಹಂಚಬೇಕಾಯಿತು. ವೇಕ್‌ಮನ್‌ನ ಜಾಗದಲ್ಲಿ ಪ್ಯಾಟ್ರಿಕ್ ಮೊರಾಜ್ ಇದ್ದಾನೆ, ಸ್ಕ್ವಯರ್ ಮತ್ತು ವೈಟ್ ನಾಲ್ಕು ವರ್ಷಗಳ ರೂಢಿಯಿಂದ ಒಬ್ಬರ ಉಸಿರನ್ನು ಇನ್ನೊಬ್ಬರು ಬಲ್ಲವರಾಗಿದ್ದಾರೆ. ಮೂಲಕ್ಕಿಂತಲೂ ಉದ್ದವಾದ ಆ ಪ್ರತಿಯೇ ನನಗೆ ಮೂಲಕ್ಕಿಂತ ಬಿಗಿಯಾಗಿ ಕೇಳಿಸುತ್ತದೆ.