ಪರದೆಯೊಳಗೆ ಬಂದ ಪಂಚೆ, ಬಾಗಿಲಲ್ಲಿ ನಿಂತ ಪಂಚೆ

ಈಚಿನ ಸಿನಿಮಾಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಎದುರಾಗುತ್ತದೆ. ಖಳನ ಕಡೆಯವರು ಹತ್ತಿಪ್ಪತ್ತು ಮಂದಿ ಸುತ್ತುವರಿದಿರುತ್ತಾರೆ. ನಾಯಕನಿಗೆ ಅವಸರವಿಲ್ಲ. ಹಿಮ್ಮಡಿಯಿಂದ ಪಂಚೆಯ ಅಂಚನ್ನು ಮೇಲಕ್ಕೆ ಚಿಮ್ಮುತ್ತಾನೆ, ಕೈಗೆ ಸಿಕ್ಕ ಅಂಚನ್ನು ಹಿಡಿದು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುತ್ತಾನೆ. ತಮಟೆ ಗುಡುಗುತ್ತದೆ, ಚಿತ್ರಮಂದಿರದಲ್ಲಿ ಶಿಳ್ಳೆ ಏಳುತ್ತದೆ. ಇನ್ನೂ ಒಂದು ಏಟೂ ಬಿದ್ದಿಲ್ಲ, ಆದರೂ ಹೊಡೆದಾಟದ ಫಲಿತಾಂಶ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ನಾಲ್ಕು ಮೊಳದ ಬಟ್ಟೆಗೆ ಇಷ್ಟೊಂದು ಪ್ರತಾಪ ಎಲ್ಲಿಂದ ಬಂತು ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ.

ಉದಾಹರಣೆಗಳಿಗೆ ದೂರ ಹೋಗಬೇಕಿಲ್ಲ. 2017ರ ‘ಮಫ್ತಿ’ಯಲ್ಲಿ ಶಿವರಾಜ್‌ಕುಮಾರ್ ಕಪ್ಪು ಅಂಗಿ, ಕಪ್ಪು ಪಂಚೆಯಲ್ಲಿ ಬಂದರು. ಆ ವೇಷ ಜನರಿಗೆ ಎಷ್ಟು ಹಿಡಿಸಿತೆಂದರೆ, ಆ ಪಾತ್ರದ ಹಿಂದಿನ ಕಥೆ ಹೇಳಲು 2024ರಲ್ಲಿ ‘ಭೈರತಿ ರಣಗಲ್’ ಎಂಬ ಇನ್ನೊಂದು ಸಿನಿಮಾ ಬಂತು, ಪಂಚೆಯೂ ಜೊತೆಗೇ ಬಂತು. 2022ರ ‘ಕಾಂತಾರ’ದ ನಂತರ ಪಂಚೆ ಪರದೆಯಿಂದ ಇಳಿದು ಪ್ರಚಾರದ ವೇದಿಕೆಗಳನ್ನೂ ಹತ್ತಿತು. ಈಗ ಕಾಲೇಜುಗಳ ಎಥ್ನಿಕ್ ಡೇ ದಿನ ಹುಡುಗರು ಸಾಲಾಗಿ ಪಂಚೆ ಉಟ್ಟು, ತಂಪು ಕನ್ನಡಕ ಏರಿಸಿ, ನಿಧಾನಗತಿಯಲ್ಲಿ ನಡೆದು ಬರುವ ರೀಲ್ಸ್ ಇಲ್ಲದೆ ಶೈಕ್ಷಣಿಕ ವರ್ಷ ಮುಗಿಯುವುದಿಲ್ಲ.

ಇದನ್ನು ‘ಬೇರಿಗೆ ಮರಳುವುದು’ ಎಂದು ಕರೆದು ಸಂತೋಷಪಡುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅದಕ್ಕೆ ಕಾರಣ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1968ರಲ್ಲಿ ‘ಜೇಡರ ಬಲೆ’ ಬಂತು. ರಾಜ್‌ಕುಮಾರ್ ಅಲ್ಲಿ ಸಿಐಡಿ 999. ಮೈಮೇಲೆ ಸೂಟು, ಕೈಯಲ್ಲಿ ಪಿಸ್ತೂಲು. ಅದನ್ನು ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ ಹಳ್ಳಿಯ ಪ್ರೇಕ್ಷಕ ಉಟ್ಟಿದ್ದು ಪಂಚೆ. ಪರದೆಯಿಂದ ಹೊರಗೆ ಬಂದರೆ ರಾಜ್‌ಕುಮಾರ್ ಅವರದೂ ಬಿಳಿ ಪಂಚೆ, ಬಿಳಿ ಅಂಗಿಯೇ. ಅಂದರೆ ಆಗ ನಾಯಕ, ಪ್ರೇಕ್ಷಕ ಇಬ್ಬರೂ ಪಂಚೆಯವರೇ. ನಡುವಿನ ಬಿಳಿ ತೆರೆಯ ಮೇಲೆ ಮಾತ್ರ ಪ್ಯಾಂಟು ಓಡಾಡುತ್ತಿತ್ತು. ಹಳ್ಳಿಯ ಕಥೆಗಳಲ್ಲಿ ಪಂಚೆ ಇರಲಿಲ್ಲವೆಂದಲ್ಲ, ಧಾರಾಳವಾಗಿತ್ತು. ಆದರೆ ಅದು ಪಾತ್ರದ ಕಸುಬಿಗೆ ತಕ್ಕ ಬಟ್ಟೆಯಾಗಿತ್ತು. ಪಂಚೆ ಉಟ್ಟಿದ್ದಾನೆ ಎಂಬ ಒಂದೇ ಕಾರಣಕ್ಕೆ ಯಾರೂ ಶಿಳ್ಳೆ ಹೊಡೆಯುತ್ತಿರಲಿಲ್ಲ. ತಾನು ಬೆಳಗ್ಗೆ ಉಟ್ಟುಕೊಂಡು ಬಂದ ಬಟ್ಟೆಗೆ ಸಂಜೆ ಶಿಳ್ಳೆ ಹೊಡೆಯುವುದು ಹೇಗೆ?

ಈಗ ಲೆಕ್ಕ ತಲೆಕೆಳಗಾಗಿದೆ. ಪ್ರೇಕ್ಷಕ ಜೀನ್ಸಿನಲ್ಲಿದ್ದಾನೆ, ನಾಯಕ ಪಂಚೆಯಲ್ಲಿದ್ದಾನೆ. ಕಳಚಿಟ್ಟ ಮೇಲೆಯೇ ಪಂಚೆ ನಮಗೆ ಚೆಂದ ಕಾಣತೊಡಗಿತು. ನೋಡುವವರ ಮೈಮೇಲೆ ಇಲ್ಲದ ಬಟ್ಟೆಯನ್ನು ಹುಡುಕಿ ಉಡುವುದು ನಮ್ಮ ಜನಪ್ರಿಯ ಸಿನಿಮಾದ ಹಳೆಯ ಚಾಳಿ. ಅಂದು ಅದು ಸೂಟಾಗಿತ್ತು, ಇಂದು ಪಂಚೆಯಾಗಿದೆ.

ಇನ್ನೊಂದು ತಮಾಷೆಯೆಂದರೆ, ಈ ಪಂಚೆ ನಮ್ಮ ಅಜ್ಜನ ಪೆಟ್ಟಿಗೆಯಿಂದ ನೇರವಾಗಿ ಬಂದದ್ದಲ್ಲ, ಊರೂರು ಸುತ್ತಿ ಬಂದದ್ದು. 2013ರಲ್ಲಿ ‘ಚೆನ್ನೈ ಎಕ್ಸ್‌ಪ್ರೆಸ್’ನ ಲುಂಗಿ ಡಾನ್ಸ್ ಬಂತು. ರಜನೀಕಾಂತ್ ಅವರಿಗೆ ಗೌರವ ಎಂದುಕೊಂಡು ಮಾಡಿದ ಆ ಹಾಡು ದಕ್ಷಿಣದವರನ್ನೆಲ್ಲ ಒಂದೇ ಲುಂಗಿಯೊಳಗೆ ಸುತ್ತಿಬಿಟ್ಟಿತು. 2015ರಲ್ಲಿ ಮಲಯಾಳದ ‘ಪ್ರೇಮಂ’ ಬಂದಾಗ ನಿವಿನ್ ಪೌಳಿಯ ಕಪ್ಪು ಅಂಗಿ, ಬಿಳಿ ಮುಂಡು, ಗಡ್ಡ ಮೂರೂ ಕ್ಯಾಂಪಸ್ಸುಗಳಿಗೆ ಹಬ್ಬಿದವು. ಅಂಗಡಿಗಳು ಸುಮ್ಮನೆ ಕೂರುತ್ತವೆಯೇ? ಪಂಚೆ ಕಟ್ಟಲು ಬಾರದ ತಲೆಮಾರಿಗಾಗಿ ವೆಲ್ಕ್ರೋ ಪಂಚೆ ತಯಾರಾಯಿತು, ಮೊಬೈಲ್ ಇಡಲು ಅದಕ್ಕೊಂದು ಜೇಬೂ ಬಂತು. ಸಂಸ್ಕೃತಿ ಈಗ ಪರ್ ಎಂದು ಅಂಟುತ್ತದೆ, ಪರ್ ಎಂದು ಬಿಡುತ್ತದೆ. ನಾನು ಇದನ್ನು ಹೀಯಾಳಿಸುತ್ತಿಲ್ಲ. ಮದುವೆ ಮನೆಯಲ್ಲಿ ಎರಡು ಕೈಯಿಂದಲೂ ಸೊಂಟ ಹಿಡಿದುಕೊಂಡು ಊಟದ ಸಾಲಿನಲ್ಲಿ ನಿಂತವರನ್ನು ಕಂಡವರಿಗೆ ವೆಲ್ಕ್ರೋದ ಬೆಲೆ ಗೊತ್ತು.

ಆದರೆ ಪರದೆಗೆ ಯಾವ ಪಂಚೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಪಂಚೆ ಎಂದರೆ ಒಂದಲ್ಲ. ಉತ್ತರ ಕರ್ನಾಟಕದ ದೋತರ ಬೇರೆ. ಅದಕ್ಕೆ ಕಚ್ಚೆ ಬೇಕು, ಮೇಲೆ ನೆಹರು ಶರ್ಟು, ತಲೆಗೆ ರುಮಾಲು ಅಥವಾ ಗಾಂಧಿ ಟೊಪ್ಪಿಗೆ. ಹಳೇ ಮೈಸೂರಿನ ಅಡ್ಡಪಂಚೆ ಬೇರೆ. ಅದರ ಕೆಳಗೆ ಪಟಾಪಟಿ ಚಡ್ಡಿ ಇಣುಕುತ್ತದೆ, ಹೆಗಲ ಮೇಲೆ ಟವಲು ಇರುತ್ತದೆ. ಕರಾವಳಿಯ ಮುಂಡಿಗೆ ಬೈರಾಸು ಜೊತೆ. ಚೌಕಳಿಯ ಲುಂಗಿಯಂತೂ ಇನ್ನೊಂದೇ ಲೋಕ. ಇಷ್ಟರಲ್ಲಿ ನಾಯಕನಿಗೆ ಒಗ್ಗಿದ್ದು ಒಂದೇ: ಇಸ್ತ್ರಿ ಮಾಡಿದ, ಒಂದೇ ಬಣ್ಣದ, ಎತ್ತಿ ಕಟ್ಟಲು ಅನುಕೂಲವಾದ ಅಡ್ಡಪಂಚೆ. ಕಚ್ಚೆಯ ದೋತರದಲ್ಲಿ ಅಂಚು ಚಿಮ್ಮುವ ಆಟವಿಲ್ಲ, ಆದ್ದರಿಂದ ಅದು ತಂದೆಯ ಪಾತ್ರಕ್ಕೋ ಪಂಚಾಯ್ತಿ ಕಟ್ಟೆಯ ಹಿರಿಯರಿಗೋ ಮೀಸಲು. ಪಟಾಪಟಿ ಚಡ್ಡಿ ಕಂಡರೆ ಅದು ಹಾಸ್ಯನಟನದು ಎಂದು ನಿಶ್ಚಿಂತೆಯಿಂದ ಹೇಳಬಹುದು. ನಾಯಕ ಅದೇ ಪಂಚೆಯಲ್ಲಿ ಇಪ್ಪತ್ತು ಜನರನ್ನು ಕೆಡವಿದರೂ ಅದು ಜಾರುವುದಿಲ್ಲ, ಕೆಸರಾಗುವುದಿಲ್ಲ. ಗದ್ದೆಯಲ್ಲಿ ಪಂಚೆ ಎತ್ತಿ ಕಟ್ಟುವುದು ಕೆಸರಿನಿಂದ ಉಳಿಸಲು. ಪರದೆಯ ಮೇಲೆ ಕಟ್ಟುವುದು ಮಾತ್ರ ಉಳಿದಿದೆ, ಕೆಸರು ಕಾಣೆಯಾಗಿದೆ.

ಇಷ್ಟೇ ಆಗಿದ್ದರೆ ಇದೊಂದು ಫ್ಯಾಷನ್ನಿನ ಕಥೆ, ನಕ್ಕು ಮುಗಿಸಬಹುದಿತ್ತು. ಆದರೆ 2024ರ ಜುಲೈನಲ್ಲಿ ಏನಾಯಿತೆಂದು ನಿಮಗೆ ನೆನಪಿರಬಹುದು. ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಬಂದರು. ಪಂಚೆ ಉಟ್ಟಿದ್ದಾರೆಂದು ಅವರನ್ನು ಬಾಗಿಲಲ್ಲೇ ತಡೆಯಲಾಯಿತು. ವಿಡಿಯೊ ಹರಿದಾಡಿತು. ಪ್ರತಿಭಟನಕಾರರು ಪಂಚೆ ಉಟ್ಟುಕೊಂಡೇ ಮಾಲ್ ಮುಂದೆ ಸೇರಿದರು. ವಿಷಯ ವಿಧಾನಸಭೆಗೆ ಹೋಯಿತು. ಮಾಲ್‌ನವರು ಕ್ಷಮೆ ಕೇಳಿದರು, ಸರ್ಕಾರ 7 ದಿನ ಮಾಲ್ ಮುಚ್ಚಿಸುವುದಾಗಿ ಹೇಳಿತು. ಅದೇ ವರ್ಷದ ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ಬಟ್ಟೆಯ ಕಾರಣಕ್ಕೆ ತಡೆದದ್ದೂ ಆಗಿತ್ತು. ಅಲ್ಲಿ ಭದ್ರತಾ ಮೇಲ್ವಿಚಾರಕನ ಕೆಲಸ ಹೋಯಿತು.

ಆ ಜುಲೈಯಲ್ಲಿ ರಾಜ್ಯದ ಮುಖ್ಯಮಂತ್ರಿಗಳು ನಿತ್ಯ ಪಂಚೆ ಉಡುವವರೇ. 1996ರಲ್ಲಿ ಪಂಚೆ ಉಟ್ಟ ಕನ್ನಡಿಗರೊಬ್ಬರು ಪ್ರಧಾನಿಯಾಗಿ ದೆಹಲಿಗೆ ಹೋಗಿದ್ದರು. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ದೇಶದ ‘ಸಾಮಾನ್ಯ ಮನುಷ್ಯ’ನಿಗೆ ತೊಡಿಸಿದ್ದು ಧೋತಿ ಮತ್ತು ಚೌಕಳಿ ಕೋಟು. ಅವನು ಇಂದು ಮಾಲಿಗೆ ಬಂದರೆ, ಕೋಟಿನ ದೆಸೆಯಿಂದ ಅರ್ಧ ಮಾತ್ರ ಒಳಗೆ ಹೋಗಬಹುದೇನೋ! ಸರ್ಕಾರಿ ಕಾರಿನಿಂದ ಇಳಿದ ಪಂಚೆಗೆ ಬಾಗಿಲು ತಾನಾಗಿ ತೆರೆಯುತ್ತದೆ, ಬಸ್ಸಿನಿಂದ ಇಳಿದ ಪಂಚೆಗೆ ಇಲ್ಲ. ಅಂದಮೇಲೆ ಬಾಗಿಲಲ್ಲಿ ಪರೀಕ್ಷೆಯಾಗುವುದು ಬಟ್ಟೆಯಲ್ಲ, ಬಟ್ಟೆಯ ಹಿಂದಿನ ಮನುಷ್ಯ. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನು ತಡೆದಾಗ ಆ ವರ್ಷವೇ ತಮಿಳುನಾಡಿನಲ್ಲಿ ಅದರ ವಿರುದ್ಧ ಕಾನೂನು ಬಂತು. ತಡೆಸಿಕೊಂಡವರು ಯಾರು ಎಂಬುದರ ಮೇಲೆ ಪರಿಹಾರದ ತೂಕವೂ ನಿಂತಿರುತ್ತದೆ.

ಬಾಗಿಲು ಕಾಯುವವನನ್ನು ಬೈಯುವುದು ಸುಲಭ. ಅವನು ತೊಟ್ಟಿರುವುದೂ ಇನ್ನೊಬ್ಬರು ಕೊಟ್ಟ ಸಮವಸ್ತ್ರ. ಎಂಥವರು ಒಳಗೆ ಹೊಂದುತ್ತಾರೆ ಎಂಬ ಚಿತ್ರವನ್ನು ಅವನ ತಲೆಯಲ್ಲಿ ಬಿಡಿಸಿದವರು ಯಾರು? ಅದರಲ್ಲಿ ಜಾಹೀರಾತಿಗೆ ಪಾಲಿದೆ, ಸಿನಿಮಾಕ್ಕೂ ಇದೆ. ಪಂಚೆಯನ್ನು ನಾಯಕನ ಪ್ರತಾಪಕ್ಕೆ, ದೋತರವನ್ನು ಮುದುಕರಿಗೆ, ಪಟಾಪಟಿ ಚಡ್ಡಿಯನ್ನು ನಗುವಿಗೆ ಹಂಚಿಕೊಟ್ಟದ್ದು ನಾವು ನೋಡಿ ಬೆಳೆದ ಪರದೆಯೇ. ದಿನದ ಬಟ್ಟೆಯಾಗಿ ಅದನ್ನು ಉಡುವ ಮನುಷ್ಯನಿಗೆ ಅಲ್ಲಿ ಜಾಗವೇ ಉಳಿಯಲಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ರಾಮ್ ರೆಡ್ಡಿಯವರ ‘ತಿಥಿ’ಯನ್ನು ನೆನಪಿಸಿಕೊಳ್ಳಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಆ ಚಿತ್ರದಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಯವರು, ವೃತ್ತಿನಟರಲ್ಲ. ಅಲ್ಲಿ ಯಾರೂ ಕ್ಯಾಮೆರಾಕ್ಕೆಂದು ಬಟ್ಟೆ ಎತ್ತಿ ಕಟ್ಟುವುದಿಲ್ಲ. ಬಟ್ಟೆ ಬಟ್ಟೆಯಾಗಿಯೇ ಇದೆ, ಮಾಸಿದೆ, ಮುದುರಿದೆ. ನಾವು ನಗುವುದು ಗಡ್ಡಪ್ಪನ ಮಾತಿಗೆ, ಅವನ ಉಡುಗೆಗಲ್ಲ. ಅಂಥ ಹತ್ತು ಸಿನಿಮಾ ನೋಡಿದ ಕಣ್ಣಿಗೆ ಬಾಗಿಲಲ್ಲಿ ನಿಂತ ರೈತ ‘ಒಳಗೆ ಹೊಂದದವ’ನಾಗಿ ಕಾಣುವುದು ಕಷ್ಟ.

ಎಥ್ನಿಕ್ ಡೇಯ ಗೆಳೆಯರಿಗೆ ನನ್ನದೊಂದು ಸಣ್ಣ ಸಲಹೆ. ಪಂಚೆ ಉಡಿ, ರೀಲ್ಸೂ ಮಾಡಿ. ಆಮೇಲೆ ಯಾವುದೋ ಒಂದು ಮಂಗಳವಾರ, ಹಬ್ಬವಿಲ್ಲದ ದಿನ, ಅದೇ ಪಂಚೆಯಲ್ಲಿ ಬ್ಯಾಂಕಿಗೆ ಹೋಗಿ, ಕ್ಯಾಂಪಸ್ ಸಂದರ್ಶನಕ್ಕೆ ಹೋಗಿ, ಮಾಲಿನಲ್ಲಿ ಒಂದು ಸಿನಿಮಾ ನೋಡಿ ಬನ್ನಿ. ಮಂಗಳವಾರವೂ ಯಾರೂ ತಿರುಗಿ ನೋಡದಿದ್ದರೆ ಪಂಚೆ ನಿಜವಾಗಿಯೂ ಮರಳಿ ಬಂದಿದೆ ಎಂದು ನಾನೂ ಒಪ್ಪುತ್ತೇನೆ.