ಎಣಿಕೆಗೆ ಸಿಗದ ಬೀಗಗಳು

ಗುರುತು ಮರೆಮಾಡುವ ಟಾರ್ ಜಾಲದ ಆನಿಯನ್ ಸೇವೆಗಳಲ್ಲಿ, ಅಂದರೆ ಆ ಜಾಲದೊಳಗಷ್ಟೇ ತೆರೆಯುವ ತಾಣಗಳಲ್ಲಿ, ವಿಳಾಸ ಗೊತ್ತಿದ್ದವರನ್ನೂ ಬಾಗಿಲಲ್ಲೇ ತಡೆಯುವ ಸೌಲಭ್ಯವಿದೆ. ಸೇವೆ ನಡೆಸುವವರು ಒಪ್ಪಿದ ಖಾಸಗಿ ಕೀಲಿ ಇದ್ದವರಿಗಷ್ಟೇ ಪ್ರವೇಶ. ಇದನ್ನು ಎಷ್ಟು ಸೇವೆಗಳು ಬಳಸುತ್ತವೆ ಎಂದು ಲೆಕ್ಕ ಹಾಕುವ ವಿಧಾನಗಳನ್ನು ಒರೆಗೆ ಹಚ್ಚಬೇಕಾಗಿದೆ.

ಆನಿಯನ್ ಸೇವೆಗಳ ಎರಡನೇ ಆವೃತ್ತಿಯಲ್ಲಿ ಎಣಿಕೆ ಸುಲಭವಿತ್ತು. ಸೇವೆಯನ್ನು ತಲುಪುವ ಬಗೆ ಹೇಳುವ ವಿವರಪತ್ರವನ್ನು ಕಾಪಿಡುವ ರಿಲೇಗೆ, ಅಂದರೆ ಜಾಲದ ಸರ್ವರ್‌ಗೆ, ಅದು ಓದಲು ಸಿಗುತ್ತಿತ್ತು. ಸಂಪರ್ಕದ ಭಾಗ ಗೂಢಲಿಪಿಯಲ್ಲಿದ್ದರೆ ಅಲ್ಲಿ ಅನುಮತಿ ಬೇಕೆಂದು ತಿಳಿಯುತ್ತಿತ್ತು. ರಿಲೇ ನಡೆಸಲು ಯಾರ ಅಪ್ಪಣೆಯೂ ಬೇಡ. 2013ರಲ್ಲಿ ಬಿರ್ಯುಕೋವ್, ಪುಸ್ತೊಗರೋವ್, ವೈನ್‌ಮನ್ ಎಂಬ ಸಂಶೋಧಕರು ಅಂಥ ರಿಲೇಗಳಿಂದಲೇ ಸುಮಾರು 40 ಸಾವಿರ ವಿಳಾಸಗಳನ್ನು ಬಾಚಿ ತೋರಿಸಿದರು. ಸಂಶೋಧಕರಿಗೆ ಕಂಡದ್ದು ಬೇಹುಗಾರರಿಗೂ ಕಾಣುವಂಥದ್ದೇ. 2021ರಲ್ಲಿ ಆ ಆವೃತ್ತಿಯನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು.

ಮೂರನೇ ಆವೃತ್ತಿಯ ವಿವರಪತ್ರಕ್ಕೆ ಎರಡು ಪದರ. ವಿಳಾಸ ತಿಳಿಯದ ರಿಲೇ ಹೊರಪದರವನ್ನೂ ಬಿಚ್ಚಲಾರದು. ವಿಳಾಸ ಬಲ್ಲವರು ಬಿಚ್ಚಿದರೆ ‘ಆಥ್-ಕ್ಲೈಂಟ್’ ಎಂಬ 16 ಸಾಲು ಕಾಣುತ್ತವೆ. ಮೂವರಿಗೆ ಅನುಮತಿ ಇದ್ದರೂ 16, ಬೀಗವೇ ಇಲ್ಲದಿದ್ದರೂ 16 ಹುಸಿ ಸಾಲು. ಹದಿನೇಳನೆಯವರು ಸೇರಿದರೆ 32. ಒಳಪದರ ಬಿಚ್ಚಲು ಹೋಗಿ ಸೋತಾಗಲೇ ಕೀಲಿ ಬೇಕೆಂದು ಗೊತ್ತಾಗುವುದು. ಈ ವಿನ್ಯಾಸವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಉಳಿದ ದಾರಿಯೆಂದರೆ ಸಿಕ್ಕ ವಿಳಾಸಗಳ ಪಟ್ಟಿ ಹಿಡಿದು ಒಂದೊಂದನ್ನೇ ತಟ್ಟಿ ನೋಡುವುದು. ಇದರ ದೋಷ ಬುಡದಲ್ಲೇ ಇದೆ. ಆಪ್ತರಿಗಷ್ಟೇ ಕೀಲಿ ಕೊಡುವವರು ವಿಳಾಸವನ್ನು ಊರಿಗೆಲ್ಲ ಹೇಳುವುದು ಅಪರೂಪ. ಸೇಡಂ ರಸ್ತೆಯ ಬೋರ್ಡು ಹಾಕಿದ ಅಂಗಡಿಗಳನ್ನಷ್ಟೇ ಹಗಲಲ್ಲಿ ನೋಡಿ, ಕಲಬುರಗಿಯ ಮನೆಗಳಿಗೆ ಬೀಗವೇ ಇಲ್ಲ ಎಂದಂತಾಗುತ್ತದೆ. ಇಂಥ ಎಣಿಕೆಯ ಸಣ್ಣ ಸಂಖ್ಯೆಯನ್ನು ತೋರಿಸಿ ಸೌಲಭ್ಯಕ್ಕೆ ಬೇಡಿಕೆಯಿಲ್ಲ ಎಂದು ತೀರ್ಪು ಕೊಡುವುದು ಅನ್ಯಾಯ.

ಬಳಕೆ ತಿಳಿಯದೆ ಸುಧಾರಣೆ ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಎಲ್ಲರನ್ನೂ ಎಣಿಸಬೇಕಿಲ್ಲ. ಒಪ್ಪಿ ಬಂದವರ ಕೈಗೆ ಕೀಲಿ ಕೊಟ್ಟು, ಅವರು ಎಲ್ಲಿ ತಡವರಿಸುತ್ತಾರೆ ಎಂದು ನೋಡಿದರೆ ಸಾಕು. 2020ರಲ್ಲಿ ಟಾರ್ ಬ್ರೌಸರ್ 9.5 ಕೀಲಿ ಕೇಳುವ ಪೆಟ್ಟಿಗೆಯನ್ನು ತಂದದ್ದು ಬಳಕೆದಾರರಿಗೆ ದೊಡ್ಡ ಉಪಕಾರ. ಆ ಕೀಲಿಯನ್ನು ಸುರಕ್ಷಿತವಾಗಿ ತಲುಪಿಸುವುದು ಮಾತ್ರ ಇನ್ನೂ ಬಳಕೆದಾರರ ತಲೆಮೇಲೇ ಇದೆ. ಸುಧಾರಣೆ ಆಗಬೇಕಾದದ್ದು ಅಲ್ಲಿ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ ಖಾಸಗಿತನ 2017ರಲ್ಲಿ ಮೂಲಭೂತ ಹಕ್ಕೆಂದು ಸ್ಥಿರಪಟ್ಟ ನಾಡು ನಮ್ಮದು; ಈ ಬೀಗಗಳ ಲೆಕ್ಕ ನಮಗೂ ಸಂಬಂಧಿಸಿದ್ದೇ. ಟಾರ್‌ನ ಕೋಡ್ ಎಲ್ಲರಿಗೂ ಮುಕ್ತ. ಸೇಡಂ ರಸ್ತೆಯ ಗುಲ್ಬರ್ಗಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೂ ಈ ಲೆಕ್ಕಕ್ಕೆ ಕೈಹಾಕಬಹುದು. ಹಾಕಿದರೆ, ಪಟ್ಟಿ ಎಲ್ಲಿಂದ ಬಂತು, ಅದರಲ್ಲಿ ಯಾರು ಸೇರಿಲ್ಲ ಎಂಬುದನ್ನು ಮೊದಲು ಬರೆಯಲಿ. ಕನಿಷ್ಠ ಇಷ್ಟು ಸೇವೆಗಳು ಎನ್ನಬಹುದು. ನೂರಕ್ಕೆ ಇಷ್ಟು ಎನ್ನಲಾಗದು.