ಕಾರುಪಂದ್ಯದ ವಿಡಿಯೋ ಆಟಗಳಲ್ಲಿ ಪುರವರ್ಣನೆ

ಮಹಾಕಾವ್ಯಕ್ಕೆ ವಿಹಿತವಾದ ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಅವುಗಳನ್ನು ಓದಿದವರಿಗೆ ಒಂದು ಸಂಗತಿ ವಿದಿತವಾಗಿಯೇ ಇರುವುದು. ಕವಿಯು ಕೋಟೆ, ಅಗಳು, ಉಪ್ಪರಿಗೆ, ಅಂಗಡಿಬೀದಿ, ಉದ್ಯಾನ ಇವುಗಳನ್ನು ಸಂಪ್ರದಾಯದ ಕ್ರಮದಲ್ಲಿ ಬಣ್ಣಿಸುತ್ತ ಹೋಗುವನೇ ಹೊರತು, ಊರನ್ನು ಹೊಕ್ಕವನು ಯಾವ ಬೀದಿಯಿಂದ ಯಾವ ಬೀದಿಗೆ ತಿರುಗಬೇಕೆಂಬುದನ್ನು ತಿಳಿಸುವುದಿಲ್ಲ. ಒಂದು ಪುರದ ವರ್ಣನೆಯನ್ನು ಮತ್ತೊಂದು ಪುರಕ್ಕೆ ಹಚ್ಚಿದರೂ ಬಹುಮಟ್ಟಿಗೆ ಹೊಂದಿಕೊಳ್ಳುವುದು. ಕಾವ್ಯದಲ್ಲಿ ಇದು ದೋಷವೆನಿಸದು. ಅಲ್ಲಿ ಪುರವು ನಾಯಕನ ಮಹಿಮೆಗೆ ಅಂಗವಾಗಿ ಬರುವುದು. ಆದರೆ ಈಚಿನ ಕಲೆಯೊಂದು ನಿಜವಾದ ನಗರವೊಂದರ ಹೆಸರನ್ನು ಹೇಳಿ, ಅದರ ಬೀದಿಗಳಲ್ಲಿ ಕಾರನ್ನು ಓಡಿಸೆಂದು ಆಡುವವನನ್ನು ಆಹ್ವಾನಿಸುತ್ತದೆ. ಕಾರುಪಂದ್ಯದ ವಿಡಿಯೋ ಆಟವೇ ಆ ಕಲೆ. ಇಲ್ಲಿ ಯಾವ ಬೀದಿಯಿಂದ ಯಾವ ಬೀದಿಗೆ ತಿರುಗಬೇಕೆಂಬುದೇ ಮುಖ್ಯವಾದ ವಿಷಯ. ಆದಕಾರಣ ಈ ಆಟಗಳ ಪಂದ್ಯಪಥಗಳು ತಾವು ಹೆಸರಿಸುವ ನಗರಗಳಿಗೆ ಎಷ್ಟರಮಟ್ಟಿಗೆ ನಿಷ್ಠವಾಗಿವೆಯೆಂಬ ಪ್ರಶ್ನೆ ವಿಮರ್ಶೆಗೆ ಯೋಗ್ಯವಾದುದೇ ಆಗಿದೆ.

ನಿಷ್ಠೆಯೆಂಬ ಮಾತನ್ನು ಮೊದಲು ವಿಂಗಡಿಸಿಕೊಳ್ಳುವುದು ಅಗತ್ಯ. ಅದರಲ್ಲಿ ಮೂರು ಬಗೆಗಳುಂಟು. ದೂರ, ಅಗಲ, ಎತ್ತರಗಳು ನಿಜದೊಡನೆ ಹೊಂದುವುದು ಅಳತೆಯ ನಿಷ್ಠೆ. ಕಟ್ಟಡಗಳೂ ಸ್ಮಾರಕಗಳೂ ಗುರುತು ಸಿಕ್ಕುವಂತೆ ಕಾಣುವುದು ಮುಖದ ನಿಷ್ಠೆ. ಏರು, ಇಳಿವು, ತಿರುವುಗಳು ನಿಜವಾದ ನಗರದ ಕ್ರಮದಲ್ಲಿಯೇ ಒಂದರ ಹಿಂದೊಂದು ಒದಗಿ, ಆ ಊರನ್ನು ಬಲ್ಲ ಚಾಲಕನ ಕೈಗೆ ಪರಿಚಿತವಾಗಿ ತೋರುವುದು ನಡೆಯ ನಿಷ್ಠೆ. ಈ ಆಟಗಳನ್ನು ಹೊಗಳುವವರು ಸಾಮಾನ್ಯವಾಗಿ ಮುಖವನ್ನು ನೋಡಿ ಹೊಗಳುವರು. ತೆಗಳುವವರು ಅಳತೆಯನ್ನು ಹಿಡಿದು ತೆಗಳುವರು. ಇವೆರಡಕ್ಕಿಂತಲೂ ಮೂರನೆಯದೇ ಈ ಕಲೆಯ ಜೀವವೆಂಬುದು ಮುಂದಿನ ನಿದರ್ಶನಗಳಿಂದ ಸ್ಪಷ್ಟಪಡುವುದು.

ಲಿವರ್‌ಪೂಲಿನ ಬಿಜ಼ಾರ್ ಕ್ರಿಯೇಷನ್ಸ್ ಸಂಸ್ಥೆಯವರು ೨೦೦೦ದಲ್ಲಿ ಹೊರತಂದ 'ಮೆಟ್ರೋಪೊಲಿಸ್ ಸ್ಟ್ರೀಟ್ ರೇಸರ್' ಎಂಬ ಆಟವು ಲಂಡನ್, ಟೋಕಿಯೋ, ಸ್ಯಾನ್ ಫ್ರಾನ್ಸಿಸ್ಕೋ ಎಂಬ ಮೂರು ನಗರಗಳನ್ನು ಆರಿಸಿಕೊಂಡಿತು. ಮರುವರ್ಷ ಬಂದ 'ಪ್ರಾಜೆಕ್ಟ್ ಗಾಥಮ್ ರೇಸಿಂಗ್' ಇವುಗಳಿಗೆ ನ್ಯೂಯಾರ್ಕನ್ನು ಸೇರಿಸಿತು. ರಚಕರು ಇಡೀ ನಗರವನ್ನು ತರಲು ಹವಣಿಸದೆ, ಪ್ರತಿಯೊಂದರಲ್ಲಿಯೂ ಕೆಲವು ಭಾಗಗಳನ್ನು ಮಾತ್ರ ಹಿಡಿದು, ಅಲ್ಲಿನ ಬೀದಿಗಳ ಛಾಯಾಚಿತ್ರಗಳನ್ನು ಹೇರಳವಾಗಿ ತೆಗೆದು, ಅವನ್ನು ಆಧಾರವಾಗಿಟ್ಟುಕೊಂಡು ಕಟ್ಟಡಗಳನ್ನು ರೂಪಿಸಿದರು. ಈ ಮಿತಿಯೇ ಅವರ ಕೃತಿಗೆ ಬಲವಾಯಿತು. ಸ್ವಲ್ಪವನ್ನು ಹಿಡಿದುದರಿಂದ ಹಿಡಿದುದನ್ನು ಕುಗ್ಗಿಸಬೇಕಾದ ಒತ್ತಾಯ ಕಡಿಮೆಯಾಯಿತು. ಮೊದಲನೆಯ ಆಟದಲ್ಲಿ ಇನ್ನೊಂದು ವಿಶೇಷವುಂಟು. ಯಂತ್ರದೊಳಗಿನ ಗಡಿಯಾರವನ್ನು ಅನುಸರಿಸಿ ಆಯಾ ನಗರದ ಹೊತ್ತು ಅಲ್ಲಿ ಬದಲಾಗುವುದು. ಲಂಡನ್ನಿನಲ್ಲಿ ನಡುಹಗಲಾಗಿರುವಾಗ ಟೋಕಿಯೋದಲ್ಲಿ ದೀಪ ಹತ್ತಿರುವುದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೂ ಬೆಳಗಿನ ಜಾವ. ಪಂದ್ಯಕ್ಕೆ ಇದರಿಂದ ದೊರೆಯುವ ಪ್ರಯೋಜನ ಅಲ್ಪವೇ. ಆದರೂ ನಗರಗಳು ಒಂದೇ ಭೂಮಿಯ ಮೇಲೆ ಬೇರೆಬೇರೆ ಎಡೆಗಳಲ್ಲಿವೆಯೆಂಬ ಅರಿವನ್ನು ಇಷ್ಟು ಸರಳವಾಗಿ ಮೂಡಿಸಿದುದು ಪ್ರಶಂಸನೀಯ.

ಇದೇ ಆಟದಲ್ಲಿ ಮುಖದ ನಿಷ್ಠೆಯ ಮಿತಿಯೂ ತೋರಿಬರುವುದು. ಗಂಟೆಗೆ ೧೮೦ ಕಿಲೋಮೀಟರು ವೇಗವೆಂದರೆ ಕ್ಷಣಕ್ಕೆ, ಅಂದರೆ ಒಂದು ಸೆಕೆಂಡಿಗೆ, ೫೦ ಮೀಟರು. ಇಪ್ಪತ್ತೈದು ಮೀಟರು ಅಗಲದ ಕಟ್ಟಡವೊಂದು ಅರ್ಧ ಸೆಕೆಂಡಿನಲ್ಲಿ ಹಿಂದಕ್ಕೆ ಸರಿದುಹೋಗುವುದು. ಅಷ್ಟರಲ್ಲಿ ಅದರ ಕಿಟಕಿಯ ಚೌಕಟ್ಟನ್ನಾಗಲಿ ಕಂಬದ ಕೆತ್ತನೆಯನ್ನಾಗಲಿ ನೋಡುವುದು ಯಾರಿಂದ ಸಾಧ್ಯ? ಆಡುವವನು ಕಟ್ಟಡವನ್ನು ನೋಡುವುದು ಅದರ ಪಕ್ಕದಲ್ಲಿ ತಿರುಗಬೇಕಾದಾಗ. ತಿರುವಿನ ಗುರುತಾಗಿ ನಿಂತ ಕಟ್ಟಡ ನೆನಪಿನಲ್ಲಿ ಉಳಿಯುವುದು. ಮಿಕ್ಕವು ಬಣ್ಣದ ಗೋಡೆಗಳಾಗುವುವು. ಇದಲ್ಲದೆ, ಅಡ್ಡಬೀದಿಗಳನ್ನೆಲ್ಲ ತಡೆಗಟ್ಟಿ ಒಂದೇ ಹಾದಿಯನ್ನು ತೆರೆದಿಡುವುದರಿಂದ, ಬೀದಿಗಳ ಜಾಲವಾಗಿದ್ದ ನಗರವು ಒಂದು ಕಾಲುವೆಯಂತಾಗುವುದು. ಬೀದಿಯಲ್ಲಿ ಜನರಿಲ್ಲ, ಇದಿರು ಬರುವ ಬಂಡಿಗಳಿಲ್ಲ. ನಗರದ ಮುಖವುಂಟು, ಉಸಿರಿಲ್ಲ.

ಈ ಕೊರತೆಯನ್ನು ನೀಗಲು ಹೊರಟ ಆಟಗಳು ಬೇರೊಂದು ಕಷ್ಟಕ್ಕೆ ಸಿಕ್ಕಿದುವು. ಕ್ಯಾಲಿಫೋರ್ನಿಯದ ಏಂಜೆಲ್ ಸ್ಟುಡಿಯೋಸ್ ರಚಿಸಿ ಮೈಕ್ರೋಸಾಫ್ಟ್ ೧೯೯೯ರಲ್ಲಿ ಪ್ರಕಟಿಸಿದ 'ಮಿಡ್‌ಟೌನ್ ಮ್ಯಾಡ್‌ನೆಸ್' ಷಿಕಾಗೋ ನಗರವನ್ನು ತಡೆಗಳಿಲ್ಲದೆ ತೆರೆದಿಟ್ಟಿತು. ಪಾದಚಾರಿಗಳು, ವಾಹನಸಂಚಾರ, ಎತ್ತರಿಸಿದ ಹಳಿಗಳ ಮೇಲೆ ಓಡುವ ರೈಲು, ತೆರೆದು ಮುಚ್ಚುವ ಸೇತುವೆಗಳು ಎಲ್ಲವೂ ಅದರಲ್ಲಿದ್ದುವು. ಇಷ್ಟನ್ನು ಒಳಗೊಳ್ಳಲು ನಗರವನ್ನು ಬಹಳವಾಗಿ ಕುಗ್ಗಿಸಬೇಕಾಯಿತು. ಆದರೂ ಆ ಕೃತಿಯಲ್ಲಿ ಷಿಕಾಗೋ ಷಿಕಾಗೋವಾಗಿಯೇ ಉಳಿಯಿತು. ಇದಕ್ಕೆ ಕಾರಣವಿಷ್ಟೆ: ಆ ನಗರ ಸಮತಟ್ಟಾದ ನೆಲದ ಮೇಲೆ ಚದುರಂಗದ ಮಣೆಯಂತೆ ಹರಡಿಕೊಂಡಿದೆ. ಮಣೆಯ ಕೆಲವು ಸಾಲುಗಳನ್ನು ತೆಗೆದುಹಾಕಿದರೆ ಮನೆಗಳ ಸಂಖ್ಯೆ ಕಡಿಮೆಯಾಗುವುದೇ ಹೊರತು ಮಣೆಯ ಸ್ವರೂಪ ಕೆಡುವುದಿಲ್ಲ. ನೇರವಾದ ಉದ್ದಬೀದಿ, ಲಂಬವಾದ ತಿರುವು, ನಡುವೆ ನದಿ, ಅದರ ಮೇಲೆ ಸೇತುವೆ, ಈ ನಡೆ ಹಾಗೆಯೇ ನಿಲ್ಲುವುದು.

ಅದೇ ಸಂಸ್ಥೆಯವರು ೨೦೦೦ದಲ್ಲಿ ಎರಡನೆಯ ಆಟಕ್ಕೆ ಸ್ಯಾನ್ ಫ್ರಾನ್ಸಿಸ್ಕೋವನ್ನೂ ಲಂಡನ್ನನ್ನೂ ಆರಿಸಿಕೊಂಡರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೂ ಬೀದಿಗಳು ಬಹುಮಟ್ಟಿಗೆ ಚೌಕಗಳೇ. ಆದರೆ ಆ ಚೌಕಗಳನ್ನು ಗುಡ್ಡಗಳ ಮೇಲೆ ಹಾಸಿದೆ. ಗುಡ್ಡವನ್ನು ಕುಗ್ಗಿಸುವುದು ಮಣೆಯನ್ನು ಕುಗ್ಗಿಸಿದಂತಲ್ಲ. ಸಾವಿರ ಅಡಿ ಉದ್ದಕ್ಕೆ ೧೬೦ ಅಡಿ ಏರುವ ಬೀದಿಯ ಏರು ನೂರಕ್ಕೆ ೧೬. ಎತ್ತರವನ್ನು ಹಾಗೆಯೇ ಇಟ್ಟು ಉದ್ದವನ್ನು ಅರ್ಧಮಾಡಿದರೆ ಏರು ನೂರಕ್ಕೆ ೩೨ ಆಗುವುದು. ಆ ನಗರದ ಅತಿ ಕಡಿದಾದ ಬೀದಿಗಳಲ್ಲೊಂದಾದ ಫಿಲ್ಬರ್ಟ್ ಬೀದಿಯ ಏರೇ ನೂರಕ್ಕೆ ೩೧.೫. ಹೀಗೆ ಸಾಧಾರಣವಾದ ಬೀದಿಯೂ ಪ್ರಪಾತವಾಗುವುದು. ಎತ್ತರವನ್ನೂ ಅರ್ಧಮಾಡಿದರೆ ಏರು ಉಳಿದರೂ ಗುಡ್ಡವು ದಿಣ್ಣೆಯಾಗಿಬಿಡುವುದು. ಲೊಂಬಾರ್ಡ್ ಬೀದಿಯ ಎಂಟು ಸುತ್ತುತಿರುವುಗಳನ್ನು ೧೯೨೨ರಲ್ಲಿ ಕಟ್ಟಿದುದು, ನೂರಕ್ಕೆ ೨೭ ಇದ್ದ ಇಳಿಜಾರನ್ನು ೧೬ಕ್ಕೆ ತಗ್ಗಿಸಿ ಕಾರುಗಳಿಗೆ ಸಲ್ಲುವಂತೆ ಮಾಡಲೆಂದು. ಇಳಿಜಾರನ್ನು ಬಿಟ್ಟು ತಿರುವುಗಳನ್ನು ಮಾತ್ರ ತಂದ ಆಟವು ಪ್ರಶ್ನೆಯನ್ನು ಅಳಿಸಿ ಉತ್ತರವನ್ನು ಬರೆದಂತೆ.

ಈ ನಗರದ ವಿಷಯದಲ್ಲಿ ಮತ್ತೊಂದು ತೊಡಕುಂಟು. ಗುಡ್ಡದ ನೆತ್ತಿಯಿಂದ ಕಾರು ಗಾಳಿಗೆ ಹಾರುವ ದೃಶ್ಯ ಇಂತಹ ಆಟಗಳಲ್ಲಿ ಸಂಪ್ರದಾಯವೇ ಆಗಿಹೋಗಿದೆ. ೧೯೯೬ರ 'ಸ್ಯಾನ್ ಫ್ರಾನ್ಸಿಸ್ಕೋ ರಷ್' ಆಟದ ಆಕರ್ಷಣೆಯೇ ಅದು. ೧೯೯೯ರ 'ಡ್ರೈವರ್' ಆಟವಂತೂ ಹಿಂದಿನ ಕಾಲದ ಚಲನಚಿತ್ರಗಳ ಕಾರು ಬೆನ್ನಟ್ಟುವ ದೃಶ್ಯಗಳನ್ನೇ ಆದರ್ಶವಾಗಿ ಇಟ್ಟುಕೊಂಡಿತು. ಇವುಗಳಿಗೆಲ್ಲ ಹಿರಿಯದು ೧೯೬೮ರ 'ಬುಲಿಟ್' ಚಿತ್ರ. ಆ ಚಿತ್ರದ ಬೆನ್ನಟ್ಟುವಿಕೆಯಲ್ಲಿ ಬೀದಿಗಳು ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಒಂದು ಮೂಲೆಯಲ್ಲಿ ತಿರುಗಿದ ಕಾರು ನಗರದ ಬೇರೊಂದು ಮೂಲೆಯಲ್ಲಿ ಕಾಣಿಸಿಕೊಳ್ಳುವುದು; ಹಸುರು ಬಣ್ಣದ ಒಂದೇ ಫೋಕ್ಸ್‌ವ್ಯಾಗನ್ ಕಾರನ್ನು ಮತ್ತೆ ಮತ್ತೆ ದಾಟಿಹೋಗುವುದು. ಚಿತ್ರದಲ್ಲಿ ಇದನ್ನು ಸಂಕಲನಕಾರನ ಸ್ವಾತಂತ್ರ್ಯವೆಂದು ಒಪ್ಪಬಹುದು. ಆದರೆ ಆಟವು ನಗರವನ್ನು ಬಿಟ್ಟು ಚಿತ್ರವನ್ನು ಅನುಕರಿಸಿದಾಗ ಅದು ಅನುಕರಣದ ಅನುಕರಣವಾಗುವುದು. ಪುರವನ್ನು ನೋಡದೆ ಹಿಂದಿನ ಕವಿಯ ಪುರವರ್ಣನೆಯನ್ನು ನೋಡಿ ಬರೆದ ಕವಿಗೂ ಈ ರಚಕರಿಗೂ ಆಗ ಭೇದವೇನೂ ಉಳಿಯುವುದಿಲ್ಲ.

ಇದಕ್ಕೆ ಪ್ರತಿಯಾದ ಉದಾಹರಣೆಯನ್ನು ಮೊನಾಕೋ ಒದಗಿಸುತ್ತದೆ. ೧೯೨೯ರಿಂದ ಅಲ್ಲಿ ಊರಿನ ಬೀದಿಗಳನ್ನೇ ಕೆಲವು ದಿನ ಮುಚ್ಚಿ, ಸುಮಾರು ೩.೩ ಕಿಲೋಮೀಟರಿನ ಹಾದಿಯಲ್ಲಿ ಕಾರುಪಂದ್ಯವನ್ನು ನಡೆಸುವರು. ಜೂಜುಮಂದಿರದ ಕಡೆಗೆ ಏರು, ಹೋಟೆಲಿನ ಬಳಿಯ ಕಿರಿದಾದ ಹಿಮ್ಮುರಿ ತಿರುವು, ಸುರಂಗ, ಬಂದರಿನ ದಡ, ಇವು ಕ್ರಮವಾಗಿ ಬರುವುವು. ೨೦೦೧ರ 'ಗ್ರ್ಯಾನ್ ಟುರಿಸ್ಮೊ ೩' ಆಟದಲ್ಲಿ ಈ ಹಾದಿ ಬಂದಿದೆ. ಆದರೆ ಮೊನಾಕೋ ಎಂಬ ಹೆಸರಿಲ್ಲ, 'ಕೋಟ್ ದಜ಼್ಯೂರ್' ಎಂದು ಕರೆದಿದ್ದಾರೆ. ಹೆಸರು ಮರೆಯಾದರೂ ಬಲ್ಲವರಿಗೆ ಎರಡನೆಯ ತಿರುವು ಕಳೆಯುವಷ್ಟರಲ್ಲಿ ಊರು ಯಾವುದೆಂದು ಸಂದೇಹವಿರುವುದಿಲ್ಲ. ಅನೇಕ ಆಟಗಳಲ್ಲಿ ನಗರದ ಹೆಸರಿದ್ದು ನಡೆಯಿಲ್ಲ; ಇಲ್ಲಿ ನಡೆಯಿದ್ದು ಹೆಸರಿಲ್ಲ. ಯಾವುದರಿಂದ ನಗರದ ಗುರುತು ಸಿಕ್ಕುವುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಇವು ಆಟಗಳು, ನಕ್ಷೆಯ ಯಾಥಾರ್ಥ್ಯವನ್ನು ಇವುಗಳಿಂದ ಅಪೇಕ್ಷಿಸುವುದು ಉಚಿತವೇ? ಶ್ರೀಶಂಕುಕನ ಚಿತ್ರತುರಗನ್ಯಾಯ ಈ ಸಂದರ್ಭದಲ್ಲಿ ಸ್ಮರಣೀಯ. ಚಿತ್ರದಲ್ಲಿನ ಕುದುರೆಯನ್ನು ನೋಡಿ 'ಇದು ಕುದುರೆ' ಎಂದು ತಿಳಿಯುವಾಗ, ಆ ತಿಳಿವು ಸತ್ಯಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಜ್ಞಾನವೂ ಅಲ್ಲ, ಇವೆಲ್ಲಕ್ಕೂ ವಿಲಕ್ಷಣವಾದುದು. ಪಂದ್ಯದಾಟದ ಲಂಡನ್ನೂ ಹಾಗೆಯೇ ಎಂದು ಹೇಳಿ ವಾದವನ್ನು ಮುಗಿಸಬಹುದಾಗಿತ್ತು. ಆದರೆ ಚಿತ್ರದ ಕುದುರೆಯನ್ನು ಯಾರೂ ಏರುವುದಿಲ್ಲ. ಈ ಚಿತ್ರವನ್ನಾದರೋ ಆಡುವವನು ಏರಿ ನಡೆಸುವನು. ನೂರು ಸಲ ಓಡಿದ ಹಾದಿ ಅವನ ಅಭ್ಯಾಸಕ್ಕೆ ಇಳಿಯುವುದು. ಕಾಣದ ನಗರವನ್ನು ಬಲ್ಲೆನೆಂಬ ಭಾವ ಅವನಲ್ಲಿ ನೆಲೆಗೊಳ್ಳುವುದು. ಆ ಭಾವಕ್ಕೆ ಆಧಾರವಿದೆಯೇ ಇಲ್ಲವೇ ಎಂಬುದು ಔಚಿತ್ಯದ ಪ್ರಶ್ನೆಯೇ ಸರಿ.

ಇನ್ನೊಂದು ಕಾರಣವೂ ಉಂಟು. ಲಂಡನ್ನಿನ ಟ್ರಫಾಲ್ಗರ್ ಚೌಕದ ಉತ್ತರ ಪಾರ್ಶ್ವದಲ್ಲಿ, ನ್ಯಾಷನಲ್ ಗ್ಯಾಲರಿಯ ಮುಂದೆ ಇದ್ದ ರಸ್ತೆಯನ್ನು ೨೦೦೩ರಲ್ಲಿ ವಾಹನಗಳಿಗೆ ಮುಚ್ಚಿ ಚೌಕದೊಡನೆ ಕೂಡಿಸಲಾಯಿತು. ಮೇಲೆ ಹೇಳಿದ ಲಿವರ್‌ಪೂಲಿನ ಆಟಗಳು ಅದಕ್ಕೆ ಮುಂಚಿನ ಲಂಡನ್ನನ್ನು ನೋಡಿ ರಚಿಸಿದವು. ರಚಕರ ಉದ್ದೇಶ ಪಂದ್ಯವೇ ಆಗಿದ್ದರೂ ಕೃತಿಯು ಚರಿತ್ರೆಯ ಸಾಕ್ಷಿಯಾಗಿ ಉಳಿದಿದೆ. ಸಾಕ್ಷಿಯೆಂದ ಮೇಲೆ ಅದರ ಸತ್ಯವನ್ನು ಪರೀಕ್ಷಿಸಲೇಬೇಕು. ಅದನ್ನು ಕಾಪಾಡಲೂ ಬೇಕು. ಅಮೆರಿಕದ ಹಲವು ನಗರಗಳನ್ನು ಕುಗ್ಗಿಸಿ ಒಂದೇ ನೆಲದ ಮೇಲೆ ತಂದಿದ್ದ, ೨೦೧೪ರ 'ದಿ ಕ್ರೂ' ಎಂಬ ಆಟವು ಪ್ರಕಾಶಕರ ದೂರದ ಯಂತ್ರಗಳನ್ನೇ ನಂಬಿಕೊಂಡಿದ್ದಿತು. ೨೦೨೪ರ ಮಾರ್ಚ್ ೩೧ರಂದು ಆ ಯಂತ್ರಗಳನ್ನು ನಿಲ್ಲಿಸಲಾಗಿ, ಹಣಕೊಟ್ಟು ಕೊಂಡವರಿಗೂ ಆ ನಗರಗಳ ಬಾಗಿಲು ಮುಚ್ಚಿತು. ತಾಳೆಯ ಗರಿಯನ್ನು ಹುಳು ತಿನ್ನಲು ಶತಮಾನಗಳು ಹಿಡಿಯುತ್ತಿದ್ದುವು. ಈ ಗ್ರಂಥ ಹತ್ತೇ ವರ್ಷಗಳಲ್ಲಿ ಅಳಿಯಿತು.

ಒಟ್ಟಿನಲ್ಲಿ, ಕುಗ್ಗಿಸುವಿಕೆಯಾಗಲಿ ಹಾದಿಯನ್ನು ಅಗಲಮಾಡುವುದಾಗಲಿ ತಾನಾಗಿ ದೋಷವಲ್ಲ. ಬಿಡುವುದನ್ನು ಬಿಟ್ಟು ಆರಿಸಿಕೊಳ್ಳದೆ ಯಾವ ವರ್ಣನೆಯೂ ಸಾಗದು. ಯಾವುದನ್ನು ಬಿಟ್ಟರೆ ನಗರವು ನಗರವಾಗಿ ಉಳಿಯುವುದು, ಯಾವುದನ್ನು ಬಿಟ್ಟರೆ ಬರಿಯ ಹೆಸರಾಗುವುದು ಎಂಬ ವಿವೇಕವೇ ಇಲ್ಲಿ ಬೇಕಾದುದು. ಷಿಕಾಗೋಗೆ ಸಲ್ಲುವ ವಿಧಾನ ಸ್ಯಾನ್ ಫ್ರಾನ್ಸಿಸ್ಕೋಗೆ ಸಲ್ಲದು. ಸ್ಮಾರಕಗಳ ಮಾಲೆಯನ್ನು ಹೆಣೆದ ಮಾತ್ರಕ್ಕೆ ಪುರವರ್ಣನೆ ಸಿದ್ಧಿಸದೆಂಬುದನ್ನು ಕಾವ್ಯದ ವಿಮರ್ಶಕರು ಬಹುಕಾಲದಿಂದ ಬಲ್ಲರು. ಈ ಹೊಸ ಕೃತಿಗಳನ್ನು ಅಳೆಯುವಾಗಲೂ ಅದೇ ಮಾನದಂಡವನ್ನು ಹಿಡಿದರೆ, ಅವುಗಳ ಗುಣದೋಷಗಳು ತಾವಾಗಿಯೇ ವ್ಯಕ್ತಪಡುವುವು.